ಸುಮ್ನೆ ಕಟ್ಟಿದ ಕಟ್ಟಡಗಳು

(ಮೈಸೂರಿನಲ್ಲಿ ಗೆಳೆಯರ ಬಳಗವೊಂದು ಇಟ್ಟುಕೊಂಡಿದ್ದ ಸಂಜೆ ಉಪನ್ಯಾಸದ ಬರಹ ರೂಪ. ಅವತ್ತು ಪರದೆಯ ಮೇಲೆ ಚಿತ್ರ ತೋರಿಸಿ ದಾಟಿಸಿದ್ದ ಕಡೆಗಳಲ್ಲಿ ಇಲ್ಲಿ ಒಂದೆರಡು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಎಂಜಿನಿಯರಾಗಿದ್ದವನು. ಇಲಾಖೆಯ ಹೆಸರಲ್ಲೇ ಉಪಯೋಗ ಕೂತಿದೆ. ರಸ್ತೆಗೆ ಅಡ್ಡಲಾಗಿ ಒಂದು ಮೋರಿ ಹಾಕಬೇಕೆಂದರೂ ಎಸ್ಟಿಮೇಟಿನ ಮೊದಲ ಪುಟದಲ್ಲಿ ಅದು ಯಾಕೆ ಬೇಕು ಅಂತ ನಾಲ್ಕು ಸಾಲು ಬರೆಯಬೇಕು. ಅಂಥವನು ಇವತ್ತು ನಿಮ್ಮ ಮುಂದೆ ನಿಂತಿರುವುದು ಯಾತಕ್ಕೂ ಅಲ್ಲದೆ ಕಟ್ಟಿದ ಕಟ್ಟಡಗಳ ಬಗ್ಗೆ ಮಾತಾಡಲು. ನಮ್ಮ ಮನೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ರಿಟೈರ್ ಆದಮೇಲೆ ಎಲ್ಲರೂ ಹೀಗೇ" ಅಂದರು.

ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಮೂರು ಬೇಸಿಗೆ ಅಲ್ಲಿಗೆ ಹೋಗಿ ಬಂದೆವು. ಮೊದಲ ಸಲ ಹೋದಾಗ ಲಂಡನ್ನಿನ ದಕ್ಷಿಣಕ್ಕಿರುವ ಸರ‍್ರಿ ಕಡೆ, ಪೇನ್ಸ್‌ಹಿಲ್ ಅನ್ನುವ ದೊಡ್ಡ ತೋಟಕ್ಕೆ ಕರೆದುಕೊಂಡು ಹೋದಳು. ಕೆರೆಯ ದಂಡೆಯಲ್ಲಿ ಒಂದು ಪಾಳುಬಿದ್ದ ಮಠ ಕಂಡಿತು. ಮೇಲ್ಛಾವಣಿ ಇಲ್ಲ. ಕಮಾನಿನ ಕಿಟಕಿಗಳಲ್ಲಿ ಆಕಾಶ. ನನಗೆ ಹಂಪಿ ನೆನಪಾಯಿತು. ಅಲ್ಲಿದ್ದ ಹಿರಿಯ ಸ್ವಯಂಸೇವಕಿಯೊಬ್ಬರನ್ನು ಕೇಳಿದೆ, ಇದು ಯಾವ ಯುದ್ಧದಲ್ಲಿ ಹಾಳಾಯಿತು ಅಂತ. ಆಕೆ ನಕ್ಕು ಹೇಳಿದರು: "ಇದು ಹಾಳಾಗಲಿಲ್ಲ. ಇದನ್ನು ಹಾಳು ಮಾಡಿಯೇ ಕಟ್ಟಿದ್ದು."

1772ರಲ್ಲಿ ಕಟ್ಟಿದ್ದಂತೆ. ಒಳಗೆಲ್ಲ ಇಟ್ಟಿಗೆ. ಮೇಲೆ ಕಲ್ಲಿನ ಹಾಗೆ ಕಾಣಲು ಗಿಲಾವು. ತೋಟದ ಯಜಮಾನ ಆ ಜಾಗದಲ್ಲಿ ಮೊದಲು ಇಟ್ಟಿಗೆ ಗೂಡು ಹಾಕಿ ದುಡ್ಡು ಮಾಡಲು ನೋಡಿದ್ದ, ಅದು ಕೈ ಹತ್ತಲಿಲ್ಲ, ಕೊನೆಗೆ ಅಲ್ಲೇ ಮಠವೊಂದರ ಪಾಳನ್ನು ಎಬ್ಬಿಸಿದ ಅಂತ ಆಕೆ ವಿವರಿಸಿದರು. ಗುಡ್ಡದ ಮೇಲಿನ ಗೋಥಿಕ್ ಮಂಟಪವೂ ದೂರಕ್ಕೆ ಕಲ್ಲು, ಹತ್ತಿರ ಹೋದರೆ ಮರ. ಕಳಪೆ ಕಾಮಗಾರಿ ಕಂಡರೆ ಸಿಟ್ಟು ಬರುವುದು ನನ್ನ ಚಾಳಿ. ಆದರೆ ಬೇಕೆಂದೇ, ಇಷ್ಟು ಶ್ರದ್ಧೆಯಿಂದ ಮಾಡಿದ ಹಾಳನ್ನು ನಾನು ನೋಡಿರಲಿಲ್ಲ.

ಇಂಥ ಕಟ್ಟಡಕ್ಕೆ ಇಂಗ್ಲಿಷಿನಲ್ಲಿ ಫಾಲಿ ಅನ್ನುತ್ತಾರೆ. ಅಂದರೆ ಹುಚ್ಚುತನ. ಆದರೆ ಫ್ರೆಂಚಿನಲ್ಲಿ ಇದೇ ಮೂಲದ ಮಾತಿಗೆ ಹುಚ್ಚು ಅನ್ನುವ ಅರ್ಥದ ಜೊತೆ ಮೆಚ್ಚಿನದು, ಖುಷಿಯದು ಅನ್ನುವ ಛಾಯೆಯೂ ಇದೆ. ಇದನ್ನು ಬೇರೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ, ನಮಗೆ ಬೇಡ. "ಅವನಿಗೆ ಹುಚ್ಚು" ಅಂದರೆ ಒಂದು, "ಅವನಿಗೆ ಸಂಗೀತದ ಹುಚ್ಚು" ಅಂದರೆ ಇನ್ನೊಂದು. ಎರಡೂ ಒಂದೇ ಪದ. ನಾನು ನೋಡಿದ ಫಾಲಿಗಳೆಲ್ಲ ಈ ಎರಡು ಹುಚ್ಚುಗಳ ನಡುವೆ ಎಲ್ಲೋ ನಿಂತಿವೆ. ಕೆಲವು ಬರೀ ನೋಟಕ್ಕೆ. ಕೆಲವು ಬೇಸಿಗೆ ಮಂಟಪಗಳು. ದೊಡ್ಡ ಮನೆಯಿಂದ ಒಂದು ಮೈಲಿ ನಡೆದು ಬಂದು, ಕೂತು, ಚಹಾ ಕುಡಿದು ವಾಪಸ್ ಹೋಗುವುದಕ್ಕೆ.

ಪೇನ್ಸ್‌ಹಿಲ್‌ನ ಯಜಮಾನನ ಹೆಸರು ಚಾರ್ಲ್ಸ್ ಹ್ಯಾಮಿಲ್ಟನ್. ಒಬ್ಬ ಅರ್ಲ್‌ನ, ಅಂದರೆ ಬಿರುದು ಪಡೆದ ದೊಡ್ಡ ಮನೆತನದವನ ಮಗ. ಆದರೆ ಹದಿನಾಲ್ಕನೆಯ ಮಗು. ಹದಿನಾಲ್ಕನೆಯವನಿಗೆ ಪಿತ್ರಾರ್ಜಿತ ಎಷ್ಟು ಉಳಿದೀತು? 1738ರಿಂದ ಸಾಲ ಮಾಡುತ್ತ ಜಮೀನು ಕೊಂಡ, ಕೆರೆ ತೆಗೆಸಿದ, ಒಳಗೋಡೆಗೆಲ್ಲ ಹರಳು ಅಂಟಿಸಿದ ಗುಹೆ ಮಾಡಿಸಿದ. ಇಷ್ಟೂ ಸಾಲದೆ ಕಾಡಿನ ಮೂಲೆಯಲ್ಲಿ ಒಂದು ಎಲೆಮನೆ ಕಟ್ಟಿಸಿ, ಅದರಲ್ಲಿ ಕೂರಲು ಒಬ್ಬ ಸನ್ಯಾಸಿ ಬೇಕು ಅಂತ ತೀರ್ಮಾನಿಸಿದ.

ಸನ್ಯಾಸಿಯ ಕರಾರು ಕೇಳಿ. ಏಳು ವರ್ಷ ಅಲ್ಲೇ ಇರಬೇಕು. ಕೂದಲು, ಗಡ್ಡ, ಉಗುರು ಕತ್ತರಿಸಬಾರದು. ಆಳುಗಳ ಜೊತೆ ಒಂದು ಮಾತೂ ಆಡಬಾರದು. ಮೈಗೆ ಒರಟು ನಿಲುವಂಗಿ. ಕೊಡುವುದು ಒಂದು ಬೈಬಲ್, ಕನ್ನಡಕ, ಕಾಲಿಗೆ ಚಾಪೆ, ತಲೆಗೊಂದು ದಿಂಬು, ಹೊತ್ತು ನೋಡಲು ಮರಳು ಗಡಿಯಾರ. ಊಟ ದೊಡ್ಡ ಮನೆಯಿಂದ ಬರುತ್ತದೆ. ಏಳು ವರ್ಷ ಮುಗಿಸಿದರೆ 700 ಪೌಂಡು, ಒಂದು ದಿನ ಕಡಿಮೆಯಾದರೂ ಸೊನ್ನೆ. ಬಂದವನು ಮೂರು ವಾರ ಇದ್ದ. ಆಮೇಲೆ ಊರಿನ ಹೆಂಡದಂಗಡಿಯಲ್ಲಿ ಸಿಕ್ಕಿಬಿದ್ದ ಅಂತ ಕಥೆ. ಹೆಂಡದಂಗಡಿಯ ಭಾಗ ಆಮೇಲೆ ಯಾರೋ ಸೇರಿಸಿದ್ದಿರಬಹುದು. ನನಗಂತೂ ಅದೇ ನಂಬುವ ಹಾಗಿದೆ. ಅಲ್ಲಾ, ನಮ್ಮಲ್ಲಿ ಸನ್ಯಾಸಿಯಾಗುವವನು ಮನೆ ಬಿಟ್ಟು ಹೋಗುತ್ತಾನೆ. ಸಂಬಳಕ್ಕೆ ಇಟ್ಟುಕೊಂಡ ಸನ್ಯಾಸಿ ಮಠ ಬಿಟ್ಟು ಹೋದದ್ದರಲ್ಲಿ ತಪ್ಪೇನು?

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಹ್ಯಾಮಿಲ್ಟನ್ ಹತ್ತಿರ ಕುಡಿಕೆಯೇ ಇರಲಿಲ್ಲ. 1773ರಲ್ಲಿ ಎಲ್ಲ ಮಾರಿ ಹೊರಟುಹೋದ. ಪಾಳುಮಠ ಕಟ್ಟಿ ಒಂದೇ ವರ್ಷಕ್ಕೆ.

ಅವನಿಗೆ ಸಾಲ ಕೊಟ್ಟವರಲ್ಲಿ ಒಬ್ಬ ಹೆನ್ರಿ ಹೋರ್. ಇವನು ಬ್ಯಾಂಕರ್. 1672ರಲ್ಲಿ ಶುರುವಾದ ಆ ಮನೆತನದ ಬ್ಯಾಂಕು ಲಂಡನ್ನಿನಲ್ಲಿ ಈಗಲೂ ಇದೆ. ಇವನಿಗೂ ಅದೇ ಹುಚ್ಚು. ಆದರೆ ಸಾಲ ಮಾಡುವವನ ಹುಚ್ಚಿಗೂ ಸಾಲ ಕೊಡುವವನ ಹುಚ್ಚಿಗೂ ವ್ಯತ್ಯಾಸ ಇರುತ್ತದೆ ನೋಡಿ. ವಿಲ್ಟ್‌ಶೈರ್‌ನ ಸ್ಟೌರ್‌ಹೆಡ್‌ನಲ್ಲಿರುವ ಇವನ ತೋಟ ಇವತ್ತಿಗೂ ಗಟ್ಟಿಯಾಗಿದೆ.

ಸ್ಟೌರ್‌ಹೆಡ್ ನನಗೆ ಇಷ್ಟವಾದದ್ದು ಮೊದಲು ಅದರ ಏರಿಯಿಂದ. ಎರಡು ದಿಬ್ಬಗಳ ನಡುವಿನ ಕಣಿವೆಗೆ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ನಮ್ಮ ಕಡೆಯ ಯಾವ ಹಳೇ ಕೆರೆಯನ್ನೂ ಕಟ್ಟಿದ್ದು ಹೀಗೇ. ಒಂದೇ ವ್ಯತ್ಯಾಸ, ಇದರ ಕೆಳಗೆ ಗದ್ದೆ ಇಲ್ಲ. ನೀರು ಇರುವುದು ಮಂಟಪಗಳ ನೆರಳು ಬೀಳಲಿ ಅಂತ. ದಂಡೆಯ ಸುತ್ತ ಒಂದು ದಾರಿ. ಒಂದು ಕಡೆ ಫ್ಲೋರಾ ಎಂಬ ಹೂದೇವತೆಯ ಗುಡಿ. ಮುಂದೆ ಹೋದರೆ ನೆಲದೊಳಗೆ ಇಳಿಯುವ ಗುಹೆ, ಅದರಲ್ಲಿ ಸ್ಟೌರ್ ನದಿಯ ಒರತೆ, ಒರತೆಯ ಪಕ್ಕ ಮಲಗಿರುವ ಜಲಕನ್ಯೆಯ ಪ್ರತಿಮೆ. ಹೊರಗೆ ಬಂದರೆ ನೀರಾಚೆ ರೋಮಿನ ಪ್ಯಾಂಥಿಯನ್ ಎಂಬ ಹಳೇ ಗುಡಿಯ ಚಿಕ್ಕ ನಕಲು. ಅದನ್ನು 1753-54ರಲ್ಲಿ ಹೆನ್ರಿ ಫ್ಲಿಟ್‌ಕ್ರಾಫ್ಟ್ ಎಂಬ ವಾಸ್ತುಶಿಲ್ಪಿ ಕಟ್ಟಿದ. ಒಂದು ಮಂಟಪದಲ್ಲಿ ನಿಂತರೆ ಇನ್ನೊಂದು ಕಾಣುತ್ತದೆ. ಅಲ್ಲಿಗೆ ಹೋಗೋಣ ಅನ್ನಿಸುತ್ತದೆ. ನಡೆಯುತ್ತ ಹೋದರೆ ಮರಗಳು ಅದನ್ನು ಮುಚ್ಚಿಬಿಡುತ್ತವೆ. ನಮ್ಮ ಮನೆಯವರು ಮಂಡಿನೋವಿನವರು, ಎರಡು ಹೆಜ್ಜೆಗೆ ಒಂದು ಸಲ ಕೂರುವವರು. ಅವತ್ತು ಪೂರ್ತಿ ಸುತ್ತು ನಡೆದರು. "ಇನ್ನೊಂದು ಚೂರು ಹೋದರೆ ಕಾಣುತ್ತೆ" ಅಂದುಕೊಂಡೇ ನಡೆದೆ ಅಂದರು. ಇಂಥ ಮಂಟಪಗಳಿಗೆ ಇರುವ ಉಪಯೋಗ ಇದೇ ಇರಬೇಕು, ಮನುಷ್ಯನನ್ನು ಎಬ್ಬಿಸಿ ನಡೆಸುವುದು.

ಆ ಕಾಲದ ಶ್ರೀಮಂತರ ಮಕ್ಕಳು ಓದು ಮುಗಿಸಿ ಇಟಲಿಗೆ ಪ್ರವಾಸ ಹೋಗುತ್ತಿದ್ದರು. ಅಲ್ಲಿನ ಹಾಳು ಗುಡಿಗಳನ್ನೂ ಅವುಗಳ ಚಿತ್ರಗಳನ್ನೂ ನೋಡಿ ಬಂದು, ತಮ್ಮ ಹೊಲದಲ್ಲೇ ಆ ಚಿತ್ರ ಎದ್ದು ನಿಲ್ಲಬೇಕು ಅಂದರು. ಇದು ಪುಸ್ತಕಗಳಲ್ಲಿರುವ ಕಾರಣ, ಸರಿಯಾದದ್ದೇ. ನನಗೆ ಕುತೂಹಲ ಬೇರೆ ಕಡೆ. ನನ್ನ ಕಣ್ಣು ಹೋಗುವುದು ಹೊಗೆ ಎಲ್ಲಿಂದ ಹೋಗುತ್ತದೆ, ಮಳೆ ನೀರು ಎಲ್ಲಿಗೆ ಇಳಿಯುತ್ತದೆ ಅನ್ನುವುದಕ್ಕೆ.

ಡಬ್ಲಿನ್ನಿನ ಮರೀನೋ ಎಂಬಲ್ಲಿ ಒಂದು ಕ್ಯಾಸಿನೋ ಇದೆ. ಜೂಜಿನದಲ್ಲ. ಇಟಾಲಿಯನ್ನಿನಲ್ಲಿ ಅದಕ್ಕೆ ಪುಟ್ಟ ಮನೆ ಅಂತ ಅರ್ಥ. ಲಾರ್ಡ್ ಶಾರ್ಲ್‌ಮಾಂಟ್ ಎಂಬುವನು ಬೇಸಿಗೆಯಲ್ಲಿ ಕೂರಲು ಕಟ್ಟಿಸಿಕೊಂಡದ್ದು. 1750ರ ದಶಕದ ಕೊನೆಯಲ್ಲಿ ಕೆಲಸ ಶುರು. ನಕ್ಷೆ ಹಾಕಿದ ವಿಲಿಯಂ ಚೇಂಬರ್ಸ್ ಕಟ್ಟಡ ನೋಡಲು ಐರ್ಲೆಂಡಿಗೆ ಒಂದು ಸಲವೂ ಹೋಗಲಿಲ್ಲ. ಹೊರಗಿನಿಂದ ನೋಡಿದರೆ ಅದು ಒಂದೇ ಕೋಣೆಯ ಕಲ್ಲಿನ ಮಂಟಪ. ದೊಡ್ಡ ಬಾಗಿಲು, ದೊಡ್ಡ ಕಿಟಕಿ, ಸುತ್ತ ಕಂಬ. ಒಳಗೆ ಹೋದರೆ ಮೂರು ಅಂತಸ್ತು, 16 ಕೋಣೆ! ಹೊರಗೆ ಒಂದೇ ಅಂತ ಕಾಣುವ ಕಿಟಕಿಯನ್ನು ಒಳಗೆ ಬೇರೆ ಬೇರೆ ಕೋಣೆಗಳು ಹಂಚಿಕೊಂಡಿವೆ. ತಾರಸಿಯ ಮೇಲೆ ಅಲಂಕಾರದ ಹೂಜಿಗಳು ಕಾಣುತ್ತವಲ್ಲ, ಅವು ಚಿಮಣಿ. ಕಂಬಗಳಲ್ಲಿ ಕೆಲವು ಟೊಳ್ಳು. ಮಳೆ ನೀರು ಅವುಗಳೊಳಗೇ ಇಳಿದು ಹೋಗುತ್ತದೆ. ನಾವು ಇವತ್ತು ಹೊಸ ಕಟ್ಟಡದ ಮುಂಭಾಗದಲ್ಲಿ ನೀರಿನ ಪೈಪು ಇಳಿಬಿಟ್ಟು, ಅದಕ್ಕೆ ಗೋಡೆಯದೇ ಬಣ್ಣ ಹೊಡೆದು, ಕಾಣುವುದಿಲ್ಲ ಅಂದುಕೊಳ್ಳುತ್ತೇವೆ!

ಇದಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಸ್ಕಾಟ್ಲೆಂಡಿನ ಅನಾನಸು. ಫಾಲ್ಕರ್ಕ್ ಪಟ್ಟಣದ ಹತ್ತಿರ, ಡನ್‌ಮೋರ್ ಎಸ್ಟೇಟಿನಲ್ಲಿದೆ. ಒಂದು ಬೇಸಿಗೆ ಮಂಟಪ. ಅದರ ತಲೆಯ ಮೇಲೆ ಸುಮಾರು 14 ಮೀಟರ್ ಎತ್ತರದ ಕಲ್ಲಿನ ಅನಾನಸು ಹಣ್ಣು. ಸುಳ್ಳಲ್ಲ. ಎಲೆ, ಮುಳ್ಳು, ಕಣ್ಣು ಎಲ್ಲ ಇರುವ ಅನಾನಸು.

ನಮ್ಮ ಮಲೆನಾಡಿನಲ್ಲಿ ಅನಾನಸು ಬೇಲಿ ಪಕ್ಕದಲ್ಲಿ ತನ್ನ ಪಾಡಿಗೆ ಬೆಳೆಯುತ್ತದೆ. ಸ್ಕಾಟ್ಲೆಂಡಿನಲ್ಲಿ ಅದನ್ನು ಬೆಳೆಯಬೇಕೆಂದರೆ ನೆಲವನ್ನೂ ಗೋಡೆಯನ್ನೂ ಬೆಂಕಿ ಹಾಕಿ ಬಿಸಿ ಮಾಡಬೇಕು. ವರ್ಷಗಟ್ಟಲೆ ಸಾಕಿದರೆ ಒಂದು ಹಣ್ಣು. ಅದಕ್ಕೇ ಔತಣದ ಮೇಜಿನ ಮೇಲೆ ಇಡಲು ಅನಾನಸನ್ನು ಬಾಡಿಗೆಗೆ ತರುತ್ತಿದ್ದರಂತೆ. ಇವತ್ತು ಮದುವೆಗೆ ಒಡವೆ ಬಾಡಿಗೆಗೆ ತರುತ್ತಾರಲ್ಲ, ಹಾಗೆ. ಡನ್‌ಮೋರ್‌ನ ತೋಟದ ಗೋಡೆ ಎರಡು ಪದರದ್ದು. ನಡುವೆ ಟೊಳ್ಳು. ಒಲೆಯ ಬಿಸಿಗಾಳಿ ಆ ಟೊಳ್ಳಿನಲ್ಲಿ ಹರಿದು ಗಾಜಿನ ಮನೆಯ ಗಿಡಗಳನ್ನು ಬೆಚ್ಚಗೆ ಇಡುತ್ತಿತ್ತು. ಹೊಗೆ ಹೋಗಲು ಇಲ್ಲೂ ಹೂಜಿ ವೇಷದ ಚಿಮಣಿಗಳು.

ಕೆಳಗಿನ ಮಂಟಪದ ಮೇಲೆ 1761 ಅಂತ ಕೆತ್ತಿದೆ. ಕಟ್ಟಿಸಿದವನು ನಾಲ್ಕನೆಯ ಅರ್ಲ್ ಆಫ್ ಡನ್‌ಮೋರ್. ಅಮೆರಿಕದ ವರ್ಜೀನಿಯಾಕ್ಕೆ ಬ್ರಿಟನ್ ಕಳಿಸಿದ ಕೊನೆಯ ಗವರ್ನರ್ ಇವನೇ. ಅಮೆರಿಕದವರು ತಿರುಗಿಬಿದ್ದು ಓಡಿಸಿದ ಮೇಲೆ ಊರಿಗೆ ಬಂದ. ಹಣ್ಣು ಬಂದು ಕೂತದ್ದು ಆಮೇಲೆ ಅನ್ನುತ್ತಾರೆ. ಪ್ರಾಂತ್ಯ ಕಳಕೊಂಡು ಬಂದವನು ಮಂಟಪದ ಮೇಲೆ ಅನಾನಸು ಇಟ್ಟ. ಯಾಕೆ ಅಂತ ನೀವೇ ಊಹಿಸಿ. ನಕ್ಷೆ ಯಾರದ್ದೋ ಗೊತ್ತಿಲ್ಲ. ಆದರೆ ಆ ಮೇಸ್ತ್ರಿ ಸಿಕ್ಕಿದ್ದರೆ ನಾನು ಕೈ ಮುಗಿಯುತ್ತಿದ್ದೆ. ಅಲ್ಲಿನ ಚಳಿಗೆ ಕಲ್ಲಿನ ಮೇಲೆ ನಿಂತ ನೀರು ಹೆಪ್ಪುಗಟ್ಟಿ, ಉಬ್ಬಿ, ಕಲ್ಲನ್ನೇ ಸೀಳುತ್ತದೆ. ಅನಾನಸಿನ ಎಲೆಯೋ ದೊನ್ನೆಯ ಹಾಗೆ, ನೀರು ನಿಲ್ಲುವುದಕ್ಕೇ ಹೇಳಿಮಾಡಿಸಿದ ಆಕಾರ. ಆ ಮೇಸ್ತ್ರಿ ಒಂದೊಂದು ಎಲೆಗೂ ಬೇರೆ ಬೇರೆ ದಾರಿ ಮಾಡಿ ನೀರು ಇಳಿಸಿದ್ದಾನೆ. ಹಣ್ಣಿನ ಒಂದೊಂದು ಉಬ್ಬಿಗೂ ಇಳಿಜಾರು ಕೊಟ್ಟಿದ್ದಾನೆ. ಎಲ್ಲೂ ಒಂದು ಹನಿ ನಿಲ್ಲುವ ಹಾಗಿಲ್ಲ. ಇನ್ನೂರೈವತ್ತು ವರ್ಷದ ಮಂಜು ತಿಂದು ಅನಾನಸು ಹಾಗೇ ಕೂತಿದೆ. ಈಗ ಹಳೇ ಕಟ್ಟಡಗಳನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ಬಾಡಿಗೆ ಕೊಡುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಒಂದು ರಾತ್ರಿ ಅನಾನಸಿನ ಅಡಿ ಉಳಿಯಬಹುದು. ನಾವು ಉಳಿಯಲಿಲ್ಲ. ಬಾಡಿಗೆ ಕೇಳಿದ ಮೇಲೆ ಫೋಟೋ ಸಾಕು ಅನ್ನಿಸಿತು.

ಹೊಟ್ಟೆಕಿಚ್ಚಿಗೆ ಕಟ್ಟಿದವೂ ಇವೆ. ಐರ್ಲೆಂಡಿನ ವೆಸ್ಟ್‌ಮೀತ್‌ನಲ್ಲಿ ಬೆಲ್ವೆಡೆರ್ ಎಂಬ ಮನೆ. ಯಜಮಾನ ರಾಬರ್ಟ್ ರಾಚ್‌ಫೋರ್ಟ್. ತನ್ನ ತಮ್ಮನ ಜೊತೆ ಸಂಬಂಧ ಇದೆ ಅಂತ ಹೆಂಡತಿಯ ಮೇಲೆ ಆರೋಪ ಹೊರಿಸಿ, ಆಕೆಯನ್ನು 31 ವರ್ಷ ಮನೆಯೊಂದರಲ್ಲಿ ಕೂಡಿಹಾಕಿದ. ಆಮೇಲೆ ಇನ್ನೊಬ್ಬ ತಮ್ಮ ಪಕ್ಕದಲ್ಲೇ ತನಗಿಂತ ದೊಡ್ಡ ಮನೆ ಕಟ್ಟಿಕೊಂಡ. ಅದು ಕಣ್ಣಿಗೆ ಬೀಳಬಾರದು ಅಂತ 1760ರ ಸುಮಾರಿಗೆ ನಡುವೆ ಮೂರು ಅಂತಸ್ತಿನ ಹಾಳು ಕೋಟೆಯ ಗೋಡೆ ಎಬ್ಬಿಸಿದ. ಜನ ಅದನ್ನು ಹೊಟ್ಟೆಕಿಚ್ಚಿನ ಗೋಡೆ ಅಂತಲೇ ಕರೆಯುತ್ತಾರೆ. ಪ್ರವಾಸಿಗರು ಅದರ ಮುಂದೆ ನಿಂತು ಸೆಲ್ಫಿ ತೆಗೆಯುತ್ತಾರೆ. ನನಗೆ ಆ ಹೆಣ್ಣುಮಗಳ ಮೂವತ್ತೊಂದು ವರ್ಷ ತಲೆಯಿಂದ ಹೋಗಲಿಲ್ಲ.

ಈಗ ಬರಗಾಲದ ಫಾಲಿಗಳು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನನ್ನದೇ ಕಸುಬು.

1740ರ ಆಸುಪಾಸಿನಲ್ಲಿ ಐರ್ಲೆಂಡಿನಲ್ಲಿ ಹಿಂದೆಂದೂ ಕಾಣದ ಚಳಿ. ಆಲೂಗೆಡ್ಡೆ ನೆಲದೊಳಗೇ ಹೆಪ್ಪುಗಟ್ಟಿ ಕೊಳೆಯಿತು. ಜನ ಲಕ್ಷಗಟ್ಟಲೆ ಸತ್ತರು. ಕಿಲ್ಡೇರ್ ಸೀಮೆಯ ಕ್ಯಾಸಲ್‌ಟೌನ್ ಎಂಬ ದೊಡ್ಡ ಮನೆಯಲ್ಲಿ ಕ್ಯಾಥರೀನ್ ಕಾನೊಲಿ ಅನ್ನುವ ಶ್ರೀಮಂತ ವಿಧವೆ ಇದ್ದಳು. ಸುತ್ತಲಿನವರಿಗೆ ಕೂಲಿ ಸಿಗಲಿ ಅಂತ ಕಟ್ಟಡ ಶುರು ಮಾಡಿಸಿದಳು. ಕಮಾನುಗಳ ಮೇಲೆ ಕಮಾನು, ಅದರ ಮೇಲೆ ಚೂಪು ಕಂಬ. ಒಟ್ಟು ಸುಮಾರು 42 ಮೀಟರ್. ನಕ್ಷೆ ರಿಚರ್ಡ್ ಕ್ಯಾಸಲ್‌ನದು. ಅಲ್ಲೂ ಕಲ್ಲಿನ ಅನಾನಸುಗಳಿವೆ! ಹೊಟ್ಟೆಗಿಲ್ಲದವರ ಕೈಯಲ್ಲಿ ಕೆತ್ತಿಸಿದ ಅನಾನಸು. ಮನೆಯ ಕಿಟಕಿಯಿಂದ ದೂರಕ್ಕೆ ನೋಟ ಮುಗಿಯುವ ಕಡೆ ಏನಾದರೂ ಕಾಣಬೇಕಿತ್ತು, ಅದು ಕಾಣುತ್ತಿದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರ ಪರಿಹಾರದ ಕಾಮಗಾರಿ ಮಾಡಿಸಿದ್ದೇನೆ. ಕೂಲಿಗಾಗಿ ಕಾಳು ಯೋಜನೆ ನಿಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ. ಕೆರೆ ಹೂಳೆತ್ತಿಸಿದೆವು, ಮಣ್ಣು ರಸ್ತೆ ಹಾಕಿಸಿದೆವು. ಒಂದು ಊರಿಗೆ ಹಾಕಿಸಿದ ರಸ್ತೆ ಮುಂದಿನ ಮಳೆಗೆ ಕೊಚ್ಚಿಹೋಯಿತು. ಅದೇ ಊರಿನ ಅಜ್ಜಿಯೊಬ್ಬರು ಆಮೇಲೆ ಸಿಕ್ಕಾಗ "ರಸ್ತೆ ಹೋದ್ರೆ ಹೋಗ್ಲಿ ಬಿಡಪ್ಪ, ಆ ವರ್ಷ ಉಂಡ್ವಲ್ಲ" ಅಂದಿದ್ದರು. ಆದ್ದರಿಂದ ಕಾನೊಲಿಯಮ್ಮನ ಕಂಬವನ್ನು ನೋಡಿ ನನಗೆ ನಗಲು ಆಗಲಿಲ್ಲ. ಪೂರ್ತಿ ಮೆಚ್ಚಲೂ ಆಗಲಿಲ್ಲ. ಅದೇ ಕೂಲಿಯಲ್ಲಿ ಒಂದು ಉಗ್ರಾಣ ಕಟ್ಟಿಸಬಹುದಿತ್ತಲ್ಲ ಅಂದುಕೊಂಡೆ. ಆಮೇಲೆ ನೋಡಿದರೆ ಆಕೆಗೂ ಅದು ಹೊಳೆದಿತ್ತು. 1743ರಲ್ಲಿ ಅದೇ ಎಸ್ಟೇಟಿನ ಇನ್ನೊಂದು ತುದಿಯಲ್ಲಿ ಒಂದು ಕಣಜ ಎದ್ದಿತು. ಅದೂ ನೆಟ್ಟಗಿಲ್ಲ ಅನ್ನಿ. ಬುಗುರಿ ತಲೆಕೆಳಗು ಮಾಡಿದ ಆಕಾರ, ಹೊರಗಿನಿಂದ ಸುತ್ತಿಕೊಂಡು ಹತ್ತುವ 94 ಮೆಟ್ಟಿಲು. ಆದರೆ ಅದರಲ್ಲಿ ಕಾಳು ಇಡಬಹುದು.

ಇಷ್ಟು ಹೊತ್ತು ಒಂದು ಪ್ರಶ್ನೆಯನ್ನು ತಪ್ಪಿಸಿಕೊಂಡು ಬಂದೆ. ಎಸ್ಟಿಮೇಟಿನಲ್ಲಿ ಉದ್ದೇಶದ ಕೆಳಗೆ ಇನ್ನೊಂದು ಸಾಲು ಇರುತ್ತದೆ. ದುಡ್ಡು ಯಾವ ಬಾಬ್ತಿನಿಂದ?

ಸಸೆಕ್ಸ್‌ನಲ್ಲಿ ಜಾನ್ ಫುಲ್ಲರ್ ಅಂತ ಒಬ್ಬ ಪಾರ್ಲಿಮೆಂಟ್ ಸದಸ್ಯ ಇದ್ದ. ಹುಚ್ಚು ಜ್ಯಾಕ್ ಅಂತ ಕರೆಯುತ್ತಿದ್ದರು. ತನ್ನ ಮನೆಯಿಂದ ಡಾಲಿಂಗ್ಟನ್ ಚರ್ಚಿನ ಗೋಪುರದ ತುದಿ ಕಾಣುತ್ತದೆ ಅಂತ ಪಂಥ ಕಟ್ಟಿದನಂತೆ. ಮನೆಗೆ ಬಂದು ನೋಡಿದರೆ ಕಾಣುವುದಿಲ್ಲ. ಎದುರಿನ ದಿಬ್ಬದ ಮೇಲೆ ಆತುರಾತುರವಾಗಿ, ಅದೇ ತುದಿಯ ಹಾಗೆ ಕಾಣುವ ಶಂಕುವೊಂದನ್ನು ಕಟ್ಟಿಸಿ ಪಂಥ ಗೆದ್ದನಂತೆ. ಕೇಳಲು ಮಜವಾಗಿದೆ ಅಲ್ವಾ? ಆ ಶಂಕುವಿಗೆ ಜನ ಇಟ್ಟ ಹೆಸರು ಸಕ್ಕರೆ ಅಚ್ಚು. ಆಗ ಸಕ್ಕರೆ ಅದೇ ಆಕಾರದ ಅಚ್ಚಿನಲ್ಲಿ ಬರುತ್ತಿತ್ತು. ಫುಲ್ಲರ್ ಮನೆತನಕ್ಕೆ ಜಮೈಕಾದಲ್ಲಿ ಕಬ್ಬಿನ ತೋಟಗಳಿದ್ದವು, ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಗುಲಾಮಗಿರಿ ಇರಬೇಕು ಅಂತ ಪಾರ್ಲಿಮೆಂಟಿನಲ್ಲಿ ಜೋರಾಗಿ ವಾದಿಸಿದವನು ಈತ. ಊರವರು ತಮಗೆ ಗೊತ್ತಿಲ್ಲದೆಯೇ ಸರಿಯಾದ ಹೆಸರು ಇಟ್ಟುಬಿಟ್ಟಿದ್ದಾರೆ.

ಇನ್ನೊಂದು ಬಾಬ್ತು ನಮ್ಮ ಕಡೆಯದು. ಈಸ್ಟ್ ಇಂಡಿಯಾ ಕಂಪನಿ.

ಗ್ಲಾಸ್ಟರ್‌ಶೈರ್‌ನ ಸೆಝಿನ್‌ಕೋಟ್‌ಗೆ ಹೋದ ದಿನ ಸಣ್ಣ ಮಳೆ. ಕಂಪನಿ ಕೆಲಸದಲ್ಲಿ ದುಡ್ಡು ಮಾಡಿ ಬಂದ ಚಾರ್ಲ್ಸ್ ಕಾಕರೆಲ್ ಎಂಬುವನಿಗೆ ಅವನ ಅಣ್ಣ ಸ್ಯಾಮ್ಯುಯೆಲ್ 1805ರಲ್ಲಿ ಹಸಿರು ಗುಮ್ಮಟದ ಮೊಘಲ್ ಮಾದರಿಯ ಮನೆ ಕಟ್ಟತೊಡಗಿದ. ಆ ಅಣ್ಣ ಭಾರತ ಕಂಡವನೇ ಅಲ್ಲ. ಕಂಡಿದ್ದವನು ಚಿತ್ರಕಾರ ಥಾಮಸ್ ಡ್ಯಾನಿಯಲ್. ಏಳು ವರ್ಷ ಇಲ್ಲಿ ಓಡಾಡಿ ಚಿತ್ರ ಬರೆದಿದ್ದ. ತೋಟದ ಮಂಟಪಗಳಿಗೆ ಅವನ ಸಲಹೆ. ಹಳ್ಳಕ್ಕೆ ಒಂದು ಸೇತುವೆ, ಸೇತುವೆಯ ಗೋಡೆ ಮೇಲೆ ಸಾಲಾಗಿ ಕೂತ ಬಸವಗಳು. ಕೆಳಗೆ ಕೊಳದ ನಡುವೆ ಮೂರು ಹೆಡೆಯ ಹಾವು. ಮೇಲೆ ಒಂದು ಪುಟ್ಟ ಗುಡಿಯಲ್ಲಿ ಸೂರ್ಯ ದೇವರು. ಮೂರ್ತಿ ಕಲ್ಲಿನದಲ್ಲ, ಲಂಡನ್ನಿನ ಕೋಡ್ ಕಾರ್ಖಾನೆಯಲ್ಲಿ ಅಚ್ಚು ಹಾಕಿ ಸುಟ್ಟದ್ದು. ಅರ್ಚಕರಿಲ್ಲ, ಗಂಟೆ ಇಲ್ಲ, ದೀಪ ಇಲ್ಲ. ಜನ ಫೋಟೋ ತೆಗೆದು ಮುಂದೆ ಹೋಗುತ್ತಿದ್ದರು. ನಮ್ಮ ಮನೆಯವರು ಮಾತ್ರ ಆ ಒದ್ದೆ ಹುಲ್ಲಿನಲ್ಲಿ ಚಪ್ಪಲಿ ಬಿಟ್ಟು, ಒಂದು ನಿಮಿಷ ಕಣ್ಣು ಮುಚ್ಚಿ ನಿಂತರು. ಪ್ರಾಣಪ್ರತಿಷ್ಠೆ ಆಗಿಲ್ಲ ಕಣೇ ಅಂದೆ. "ಅದು ಅವರ ತಪ್ಪು, ದೇವರದ್ದಲ್ಲ" ಅಂದರು.

ಲಂಡನ್ನಿನ ಶೂಟರ್ಸ್ ಹಿಲ್ ಕಾಡಿನಲ್ಲಿ ಒಂದು ಮೂರು ಮೂಲೆಯ ಗೋಪುರ ಇದೆ. 19 ಮೀಟರ್ ಎತ್ತರ. ಹೆಸರು ಸೆವರ್ನ್‌ಡ್ರೂಗ್ ಕ್ಯಾಸಲ್. ಹೆಸರು ಕೇಳಿ ನಾನು ಹಾರಿಬಿದ್ದೆ, ಇದು ನಮ್ಮ ಮಾಗಡಿಯ ಸಾವನದುರ್ಗ ಅಂತ. 1791ರಲ್ಲಿ ಕಾರ್ನ್‌ವಾಲಿಸ್ ಹಿಡಿದ ಕೋಟೆ ಅದು. ಮಗಳಿಗೆ ಅರ್ಧ ಗಂಟೆ ಪಾಠವನ್ನೂ ಹೇಳಿದೆ. ಬಾಗಿಲ ಹತ್ತಿರ ಹೋಗಿ ಫಲಕ ಓದಿದರೆ ಗೋಪುರ ಕಟ್ಟಿದ್ದೇ 1784ರಲ್ಲಿ! ಅದು ಕೊಂಕಣ ಕರಾವಳಿಯ ಸುವರ್ಣದುರ್ಗ. ಮರಾಠಾ ನೌಕಾಪತಿಗಳಾದ ಆಂಗ್ರೆಗಳ ಆ ಜಲಕೋಟೆಯನ್ನು 1755ರಲ್ಲಿ ಹಿಡಿದ ವಿಲಿಯಂ ಜೇಮ್ಸ್ ಸತ್ತ ಮೇಲೆ, ಅವನ ಹೆಂಡತಿ ನೆನಪಿಗೆ ಕಟ್ಟಿಸಿದ್ದು. ಮಗಳು ಇವತ್ತಿಗೂ ಆ ಪಾಠ ನೆನಪಿಸಿ ನಗುತ್ತಾಳೆ.

1784 ಅಂದೆನಲ್ಲ. ಅದೇ ವರ್ಷ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ತೋಟದೊಳಗೆ ತನ್ನ ಬೇಸಿಗೆ ಅರಮನೆ ಕಟ್ಟಿಸಿದ. ದರಿಯಾ ದೌಲತ್. ನಾವೆಲ್ಲ ಶಾಲೆಯ ಪ್ರವಾಸದಲ್ಲಿ ಸಾಲಾಗಿ ನಿಂತು ನೋಡಿದ್ದೇವೆ. ಅದು ಫಾಲಿ ಅಂತ ನಾನು ಹೇಳುತ್ತಿಲ್ಲ. ಆದರೆ ಅದರ ಪಡುವಣ ಗೋಡೆಗೂ ಸ್ಕಾಟ್ಲೆಂಡಿನ ಒಂದು ಫಾಲಿಗೂ ನಂಟಿದೆ. ಇವತ್ತು ಇಷ್ಟೆಲ್ಲ ಮಾತಾಡಿದ್ದು ಇಲ್ಲಿಗೆ ಬರುವುದಕ್ಕೇ.

ಸ್ಕಾಟ್ಲೆಂಡಿನ ಉತ್ತರಕ್ಕೆ, ಆಲ್ನೆಸ್ ಎಂಬ ಊರಿನ ಹತ್ತಿರ ಫೈರಿಶ್ ಬೆಟ್ಟ. ಹತ್ತಲು ಒಂದು ಗಂಟೆ ಮೇಲೆ ಬೇಕು. ತುದಿಯಲ್ಲಿ ಬೋಳು ಬಯಲಿನಲ್ಲಿ ಕಲ್ಲಿನ ಕಮಾನುಗಳ ಒಂದು ಹೆಬ್ಬಾಗಿಲು. ಕೋಟೆ ಇಲ್ಲ, ಊರಿಲ್ಲ, ಬಾಗಿಲು ಮಾತ್ರ. ಒಳಗೆ ಹೋದರೂ ಬೆಟ್ಟ, ಹೊರಗೆ ಬಂದರೂ ಬೆಟ್ಟ. ಅದು ತಮಿಳುನಾಡಿನ ನಾಗಪಟ್ಟಣದ ಕೋಟೆ ಬಾಗಿಲಿನ ನಕಲು ಅನ್ನುತ್ತಾರೆ. ಕಟ್ಟಿಸಿದವನು ಅಲ್ಲಿನ ಜಮೀನ್ದಾರ, ಕಂಪನಿಯ ಜನರಲ್ ಸರ್ ಹೆಕ್ಟರ್ ಮುನ್ರೋ. 1781ರಲ್ಲಿ ಡಚ್ಚರಿಂದ ನಾಗಪಟ್ಟಣ ಹಿಡಿದ. 1782ರಲ್ಲಿ ಊರಿನಲ್ಲಿ ಬಾಗಿಲು ಎಬ್ಬಿಸಿದ. ಆಗ ಆ ಸೀಮೆಯಲ್ಲಿ ಬೆಳೆ ಹೋಗಿ ಜನ ಕಂಗಾಲಾಗಿದ್ದರು. ಇದೂ ಬರದ ಕಾಮಗಾರಿಯೇ. ಕೆಲಸ ಬೇಗ ಮುಗಿಯಬಾರದು ಅಂತ ಮುನ್ರೋ ಮೇಲೆ ತಂದ ಕಲ್ಲನ್ನು ಮತ್ತೆ ಕೆಳಗೆ ಉರುಳಿಸಿ, ಪುನಃ ಹೊರಿಸಿ ಇನ್ನೊಮ್ಮೆ ಕೂಲಿ ಕೊಡುತ್ತಿದ್ದ ಅಂತ ಅಲ್ಲಿನವರು ಹೇಳುತ್ತಾರೆ.

ಈ ಮುನ್ರೋ ನಮಗೆ ಬೇರೆ ಕಡೆಯಿಂದ ಗೊತ್ತು. 1780ರ ಸೆಪ್ಟೆಂಬರ್ 10. ಕಾಂಚೀಪುರದ ಹತ್ತಿರ ಪೊಲ್ಲಿಲೂರು. ಕಂಪನಿಯ ಕರ್ನಲ್ ವಿಲಿಯಂ ಬೇಯ್ಲಿ ತನ್ನ ಪಡೆ ಕಟ್ಟಿಕೊಂಡು ಮುನ್ರೋನನ್ನು ಸೇರಲು ಬರುತ್ತಿದ್ದ. ಹೈದರನೂ ಟಿಪ್ಪುವೂ ಅವನನ್ನು ನಡುದಾರಿಯಲ್ಲಿ ಸುತ್ತುಗಟ್ಟಿದರು. ಮದ್ದಿನ ಬಂಡಿಗಳು ಸಿಡಿದವು. ಮುನ್ರೋ ದೊಡ್ಡ ಸೈನ್ಯ ಇಟ್ಟುಕೊಂಡು ಕೆಲವೇ ಮೈಲಿ ದೂರದ ಕಾಂಚೀಪುರದಲ್ಲಿದ್ದ. ಹೊತ್ತಿಗೆ ಬಂದು ಸೇರಲಿಲ್ಲ. ಬೇಯ್ಲಿ ಸೋತದ್ದು ಗೊತ್ತಾದ ಮೇಲೆ ತನ್ನ ದೊಡ್ಡ ಫಿರಂಗಿಗಳನ್ನು ಅಲ್ಲಿನ ಕೆರೆಗೆ ನೂಕಿ ಮದ್ರಾಸಿಗೆ ಓಡಿದ. ಬೇಯ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ. ಇಲ್ಲೇ 1782ರಲ್ಲಿ ಸತ್ತ. ಫೈರಿಶ್ ಬೆಟ್ಟಕ್ಕೆ ಕಲ್ಲು ಹೊರಿಸಿದ ಅದೇ ವರ್ಷ. ಬೇಯ್ಲಿಯೂ ಆ ಕಡೆಯವನೇ, ಇನ್ವರ್ನೆಸ್ ಹತ್ತಿರದ ಮನೆತನ. ಅವನ ಬಂಧುವೊಬ್ಬ ಆಮೇಲೆ ಕಟ್ಟಿಸಿದ ಸ್ಮಾರಕ ಗುಂಬಜ್ ಹತ್ತಿರ ಇದೆ, ಯಾರೂ ತಿರುಗಿ ನೋಡುವುದಿಲ್ಲ.

ಇನ್ನೊಂದು ವಿಷಯ. 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಮುನ್ರೋನ ಮಗನನ್ನು ಹುಲಿ ಹೊತ್ತೊಯ್ದು ಕೊಂದಿತು. ಬಿಳಿಯ ಸಿಪಾಯಿಯ ಮೇಲೆ ಹುಲಿ ಕೂತಿರುವ, ಹಿಡಿ ತಿರುಗಿಸಿದರೆ ಗುರ್ ಅನ್ನುವ ಟಿಪ್ಪುವಿನ ಮರದ ಆಟಿಕೆ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಆ ಸಾವಿನ ಸುದ್ದಿಯಿಂದಲೇ ಅದು ಹುಟ್ಟಿತು ಅನ್ನುವ ಮಾತಿದೆ. ಅದಕ್ಕೂ ಹಳೆಯದು ಅನ್ನುವವರೂ ಇದ್ದಾರೆ.

ಮಾತು ಮುಗಿದ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸಾರ್, ಆ ಮುನ್ರೋ ಗೆದ್ದ ಊರಿನ ಬಾಗಿಲು ಕಟ್ಟಿಸಿಕೊಂಡ. ಸೋತಿದ್ದನ್ನು ಯಾರು ಕಟ್ಟಿಸಿದರು?"

ಟಿಪ್ಪು ಬರೆಸಿದ, ನೋಡಮ್ಮ. ಭಾನುವಾರ ಬಿಡುವಿದ್ದರೆ ಹೋಗು. ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ. ದರಿಯಾ ದೌಲತ್‌ನ ಪಡುವಣ ಗೋಡೆ ತುಂಬ ಪೊಲ್ಲಿಲೂರು. ಎಲ್ಲವೂ ಹಳೇ ಬಣ್ಣವಲ್ಲ, ಆಮೇಲೆ ಬ್ರಿಟಿಷರೇ ತಿದ್ದಿಸಿದ್ದೂ ಇದೆ. ಆನೆ, ಕುದುರೆ, ಹೊಗೆ, ಸಿಡಿಯುವ ಮದ್ದಿನ ಬಂಡಿ ಎಲ್ಲ ನೋಡಿಕೊಂಡು ನಡುವಿಗೆ ಬಾ. ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ. ಅವರ ಮಧ್ಯೆ ಪಲ್ಲಕ್ಕಿಯಲ್ಲಿ ಒಬ್ಬ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಅವನೇ ಬೇಯ್ಲಿ. ಇನ್ನೂ ಮುನ್ರೋಗೆ ಕಾಯುತ್ತಿದ್ದಾನೆ.